ಪೊಕೆಮಾನ್ ಶೋಡೌನ್‌ನಲ್ಲಿ ನನ್ನ ಬ್ಯಾಲೆನ್ಸ್ ಟೀಮ್ ಪದೇ ಪದೇ ಸೋಲುತ್ತಿದೆ, ಯಾವ ಪೊಕೆಮಾನ್ ಬದಲಾಯಿಸಲಿ?

ಶೋಡೌನ್ ಎಂಬ ಆನ್‌ಲೈನ್ ಪೊಕೆಮಾನ್ ಕಾಳಗದ ತಾಣದಲ್ಲಿ ನೀವು ಜೆನ್ 3 ಓಯುನಲ್ಲಿ (ಮೂರನೇ ಪೀಳಿಗೆಯ ಆಟ, ಹೆಚ್ಚು ಬಳಕೆಯ ಪೊಕೆಮಾನ್‌ಗಳ ವಿಭಾಗ) ಆಡಿಸುತ್ತಿರುವ ಆರು ಇವು: ಟೈರಾನಿಟಾರ್, ಸ್ಕಾರ್ಮರಿ, ಬ್ಲಿಸ್ಸಿ, ಸ್ವಾಂಪರ್ಟ್, ಗೆಂಗಾರ್, ಮಿಲೋಟಿಕ್. ಎಲ್ಲ ಟೈಪಿಗೂ (ಬೆಂಕಿ, ನೀರು, ವಿದ್ಯುತ್ ಹೀಗೆ ಪೊಕೆಮಾನ್‌ನ, ಅದರ ಪೆಟ್ಟಿನ ಬಗೆ) ಉತ್ತರ ಇದೆ, ಆದರೂ ಆಟ ಎಳೆದೂ ಎಳೆದೂ ಕೊನೆಗೆ ನಾನೇ ಸೋಲುತ್ತೇನೆ ಎಂದು ಬರೆದಿದ್ದೀರಿ. ಚುಟುಕಾಗಿ ಹೇಳಬೇಕೆಂದರೆ ಮಿಲೋಟಿಕ್ ತೆಗೆದು ಮ್ಯಾಗ್ನೆಟಾನ್ ಹಾಕಿ. ಆದರೆ ಕಾರಣ ಗೊತ್ತಿಲ್ಲದೆ ಸುಮ್ನೆ ಬದಲಾಯಿಸಿದರೆ ಮುಂದಿನ ವಾರ ಇನ್ನೊಂದನ್ನು ತೆಗೆಯುತ್ತೀರಿ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಮ್ಮಲ್ಲಿ ಹೆಚ್ಚಿನವರು ಎಮರಾಲ್ಡ್, ಫೈರ್‌ರೆಡ್ ಆಡಿದ್ದು ಎಮ್ಯುಲೇಟರ್‌ನಲ್ಲೇ ಅಲ್ವಾ. ಅಲ್ಲಿ ಎದುರಾಳಿ ಕಂಪ್ಯೂಟರ್. ಅದು ಪೊಕೆಮಾನ್ ಬದಲಾಯಿಸುವುದೇ ಅಪರೂಪ. ಟೈಪ್ ಸರಿಯಾಗಿದ್ದರೆ ಆಟದ ಕೊನೆಗೆ ಬರುವ ನಾಲ್ವರು, ಎಲೈಟ್ ಫೋರ್, ಮುಗಿದೇ ಹೋಗುತ್ತಾರೆ. ಶೋಡೌನ್‌ನಲ್ಲಿ ಎದುರು ಕೂತವನು ಮನುಷ್ಯ. ನೀವು ಥಂಡರ್‌ಬೋಲ್ಟ್ ಒತ್ತುವ ಹೊತ್ತಿಗೆ ಅವನು ವಿದ್ಯುತ್ ಪೆಟ್ಟು ತಾಗದ ಸ್ವಾಂಪರ್ಟ್ ತಂದಿರುತ್ತಾನೆ. ಇಂಥ ಕಡೆ ಎಲ್ಲ ಟೈಪಿಗೂ ಉತ್ತರ ಇಟ್ಟುಕೊಂಡರೆ ಬೇಗ ಸೋಲುವುದಿಲ್ಲ, ಅಷ್ಟೇ. ನಿಮ್ಮದು ರೈಡರ್ ಇಲ್ಲದ ಕಬಡ್ಡಿ ತಂಡ. ಹಿಡಿಯುವವರು ಎಲ್ಲರೂ ಇದ್ದಾರೆ, ಪಾಯಿಂಟ್ ತರುವವರು ಯಾರೂ ಇಲ್ಲ.

ಬ್ಯಾಲೆನ್ಸ್ ತಂಡ (ತಡೆಯುವವರೂ ಹೊಡೆಯುವವರೂ ಸೇರಿದ್ದು) ಕಟ್ಟುವಾಗ ನಾನು ಮೊದಲು ನೋಡುವುದು ಒಂದೇ: ಕೊನೆಯಲ್ಲಿ ಆಟ ಮುಗಿಸುವವರು ಯಾರು? ಆ ಹೆಸರು ಸಿಕ್ಕಮೇಲೆ ಅದನ್ನು ತಡೆಯುವವರ ಪಟ್ಟಿ ಬರೆದುಕೊಳ್ಳುತ್ತೇನೆ. ಉಳಿದ ಐವರ ಕೆಲಸ ಆ ಪಟ್ಟಿಯನ್ನು ಖಾಲಿ ಮಾಡುವುದು, ಅಷ್ಟರವರೆಗೆ ತಂಡ ಉಳಿಯುವಂತೆ ನೋಡಿಕೊಳ್ಳುವುದು. ಟೈಪ್ ಚಾರ್ಟ್ ನೋಡುವುದು ಆಮೇಲೆ.

ನಿಮ್ಮ ಆರರಲ್ಲಿ ಆ ಕೆಲಸಕ್ಕೆ ತಕ್ಕದ್ದು ಟೈರಾನಿಟಾರ್. ಈಗ ನೀವು ಅದಕ್ಕೆ ಕ್ರಂಚ್, ಫೈರ್ ಬ್ಲಾಸ್ಟ್, ರಾಕ್ ಸ್ಲೈಡ್, ಅರ್ತ್‌ಕ್ವೇಕ್ ಎಂಬ ನಾಲ್ಕು ಮೂವ್ (ಪಟ್ಟು) ಕೊಟ್ಟಿದ್ದೀರಿ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹೊಡೆಯುತ್ತದೆ, ಯಾರನ್ನೂ ಮುಗಿಸುವುದಿಲ್ಲ. ಜೆನ್ 3ರಲ್ಲಿ ಮೂವ್ ಫಿಸಿಕಲ್ಲೋ (ಅಟ್ಯಾಕ್ ಬಲದ್ದು) ಸ್ಪೆಷಲ್ಲೋ (ಸ್ಪೆಷಲ್ ಅಟ್ಯಾಕ್ ಬಲದ್ದು) ಎಂಬುದನ್ನು ಅದರ ಟೈಪೇ ತೀರ್ಮಾನಿಸುತ್ತದೆ. ಡಾರ್ಕ್ ಮತ್ತು ಫೈರ್ ಎರಡೂ ಸ್ಪೆಷಲ್. ಅಂದರೆ ನಿಮ್ಮ ಕ್ರಂಚ್ ಟೈರಾನಿಟಾರ್‌ನ 134ರ ಬೇಸ್ (ಹುಟ್ಟು ಅಂಕ) ಅಟ್ಯಾಕ್ ಬಿಟ್ಟು 95ರ ಸ್ಪೆಷಲ್ ಅಟ್ಯಾಕ್‌ನಿಂದ ಹೊರಡುತ್ತದೆ. ಇದರ ಬದಲು ಡ್ರ್ಯಾಗನ್ ಡ್ಯಾನ್ಸ್ (ಅಟ್ಯಾಕ್, ವೇಗ ಎರಡನ್ನೂ ಏರಿಸುವ ಮೂವ್), ರಾಕ್ ಸ್ಲೈಡ್, ಅರ್ತ್‌ಕ್ವೇಕ್, ಹಿಡನ್ ಪವರ್ ಬಗ್ (ಹಿಡನ್ ಪವರ್‌ನ ಟೈಪನ್ನು ನೀವೇ ಆರಿಸಬಹುದು) ಹಾಕಿ. ಬಗ್ ಯಾಕೆ ಅಂದರೆ ಸೆಲೆಬಿಗೆ ಅದು ನಾಲ್ಕು ಪಟ್ಟು ತಾಗುತ್ತದೆ. ಗಾಳಿಯಲ್ಲಿ ತೇಲಿಕೊಂಡು ಅರ್ತ್‌ಕ್ವೇಕ್ ತಪ್ಪಿಸಿಕೊಳ್ಳುವ ಕ್ಲೇಡಾಲ್‌ಗೆ ಎರಡು ಪಟ್ಟು.

ವೇಗದ ಲೆಕ್ಕ ಇನ್ನೂ ಚೆನ್ನಾಗಿದೆ. ಅಡಮಂಟ್ ನೇಚರ್ (ಅಟ್ಯಾಕ್ ಏರಿಸುವ ಸ್ವಭಾವ), ವೇಗಕ್ಕೆ 252 ಇವಿ (ಬೇರೆ ಬೇರೆ ಬಲಕ್ಕೆ ಹಂಚುವ ತರಬೇತಿ ಅಂಕ) ಕೊಟ್ಟರೆ ಟೈರಾನಿಟಾರ್ ವೇಗ 221. ಒಂದು ಡ್ರ್ಯಾಗನ್ ಡ್ಯಾನ್ಸ್ ಆದಮೇಲೆ 331. ಬೇಸ್ 100 ವೇಗದ ಸೆಲೆಬಿ, ಜ್ಯಾಪ್ಡೋಸ್, ಸಾಲಮೆನ್ಸ್, ಜಿರಾಚಿ ಎಷ್ಟೇ ಇವಿ ಸುರಿದರೂ 328 ದಾಟುವುದಿಲ್ಲ. ಮೂರೇ ಪಾಯಿಂಟ್ ಅಂತರ, ಆದರೆ ಮೊದಲು ಹೊಡೆಯುವುದು ನೀವು. ಅದಕ್ಕೇ ಆ 252ರಲ್ಲಿ ಹತ್ತಿಪ್ಪತ್ತನ್ನು ಕಿತ್ತು ಎಚ್‌ಪಿಗೆ (ಪ್ರಾಣದ ಅಂಕಕ್ಕೆ) ಹಾಕುವ ಜಾಣತನ ಬೇಡ.

ಈಗ ಪಟ್ಟಿ. ಈ ಟೈರಾನಿಟಾರ್‌ನ ದಾರಿಗೆ ಅಡ್ಡ ನಿಲ್ಲುವವರು ಮೂರು ಬಗೆ. ಒಂದು, ಎದುರಾಳಿಯ ಸ್ಕಾರ್ಮರಿ. ಅರ್ತ್‌ಕ್ವೇಕ್ ಅದಕ್ಕೆ ತಾಗುವುದೇ ಇಲ್ಲ, ಬಂದು ರೋರ್ (ಎದುರಿನ ಪೊಕೆಮಾನನ್ನು ಹೊರಗಟ್ಟುವ ಮೂವ್) ಮಾಡಿದರೆ ನಿಮ್ಮ ಡ್ಯಾನ್ಸ್ ಎಲ್ಲ ನೀರಿಗೆ. ಎರಡು, ಸ್ವಾಂಪರ್ಟ್. ಮೂರು, 331ಕ್ಕಿಂತ ವೇಗದವರು: ಗೆಂಗಾರ್ 350, ಸ್ಟಾರ್ಮಿ 361, ಡಗ್ಟ್ರಿಯೊ 372.

ಮೊದಲನೆಯದಕ್ಕೇ ಮ್ಯಾಗ್ನೆಟಾನ್. ಅದರ ಮ್ಯಾಗ್ನೆಟ್ ಪುಲ್ ಎದುರಿದ್ದರೆ ಸ್ಟೀಲ್ ಪೊಕೆಮಾನ್ ಸ್ವಿಚ್ ಆಗುವಂತಿಲ್ಲ. ಸ್ಕಾರ್ಮರಿಯ ಹತ್ತಿರ ಅದನ್ನು ಕಾಡುವಂಥದ್ದು ಏನೂ ಇರುವುದಿಲ್ಲ: ಡ್ರಿಲ್ ಪೆಕ್ ಕಾಲು ಭಾಗ ಮಾತ್ರ ತಾಗುತ್ತದೆ, ಟಾಕ್ಸಿಕ್ ಎಂಬ ವಿಷದ ಮೂವ್ ತಾಗುವುದೇ ಇಲ್ಲ. ರೋರ್ ಟರ್ನಿನ ಕೊನೆಯಲ್ಲಿ ನಡೆಯುವ ಮೂವ್, ಅಷ್ಟರಲ್ಲಿ ಥಂಡರ್‌ಬೋಲ್ಟ್ ಬಿದ್ದಿರುತ್ತದೆ. ಹುಷಾರಾಗಿರಬೇಕಾದ್ದು ಹಿಡನ್ ಪವರ್ ಗ್ರೌಂಡ್ ಇಟ್ಟುಕೊಂಡ ಸ್ಕಾರ್ಮರಿಗೆ. ಮೆಟಾಗ್ರಾಸ್ ಕೂಡ ಸ್ಟೀಲೇ, ಅದೂ ಸಿಕ್ಕಿಬೀಳುತ್ತದೆ ನಿಜ, ಆದರೆ ಅದರ ಅರ್ತ್‌ಕ್ವೇಕ್ ಮುಂದೆ ಮ್ಯಾಗ್ನೆಟಾನ್ ನಿಲ್ಲುವುದಿಲ್ಲ. ಆ ಆಸೆಗೆ ಹೋಗಬೇಡಿ.

ಮ್ಯಾಗ್ನೆಟಾನ್‌ಗೆ ಹಿಡನ್ ಪವರ್ ಯಾವ ಟೈಪು? ಫೈರ್, ಐಸ್ ಎಂದು ಹಲವರು ಹೇಳುತ್ತಾರೆ. ನಿಮ್ಮ ತಂಡಕ್ಕೆ ಗ್ರಾಸ್ ಸರಿ. ಥಂಡರ್‌ಬೋಲ್ಟ್ ನುಂಗಲು ಎದುರಾಳಿ ತರುವುದೇ ಸ್ವಾಂಪರ್ಟ್, ಅದಕ್ಕೆ ಗ್ರಾಸ್ ನಾಲ್ಕು ಪಟ್ಟು. ಸ್ಪೈಕ್ಸ್ (ನೆಲಕ್ಕೆ ಹಾಸುವ ಮುಳ್ಳು) ತುಳಿದು ಬಂದಿದ್ದರೆ ಅಲ್ಲೇ ಬೀಳುವ ಸಾಧ್ಯತೆ ಜಾಸ್ತಿ. ಪಟ್ಟಿಯ ಎರಡನೇ ಹೆಸರನ್ನೂ ಅರ್ಧ ಇದೇ ಅಳಿಸಿತು ಎಂದಾಯಿತು. ಉಳಿದರ್ಧಕ್ಕೆ ನಿಮ್ಮ ಸ್ವಾಂಪರ್ಟ್‌ಗೆ ಟಾಕ್ಸಿಕ್ ಕೊಡಿ. ಎದುರಾಳಿಯ ಸ್ವಾಂಪರ್ಟ್‌ಗೆ ರೆಸ್ಟ್ ಬಿಟ್ಟರೆ ಎಚ್‌ಪಿ ತುಂಬಿಸಿಕೊಳ್ಳುವ ದಾರಿ ಇಲ್ಲ. ವಿಷ ಏರಿದ ಮೇಲೆ ಅದು ಬಂದು ಹೋಗಿ ಮಾಡಲಾಗುವುದಿಲ್ಲ. ಅರ್ತ್‌ಕ್ವೇಕ್, ಐಸ್ ಬೀಮ್, ಪ್ರೊಟೆಕ್ಟ್, ಟಾಕ್ಸಿಕ್: ಇಷ್ಟು ಸಾಕು.

ಮಿಲೋಟಿಕ್ ಹೋದರೆ ಏನು ನಷ್ಟ ಎಂದು ಕೇಳುತ್ತೀರಿ. ಎಚ್‌ಪಿ ತುಂಬಿಸಿಕೊಳ್ಳುವ ರಿಕವರ್ ಇರುವ ಗಟ್ಟಿ ವಾಟರ್ ಪೊಕೆಮಾನ್ ಒಂದು ಹೋಗುತ್ತದೆ, ಅದು ಸಣ್ಣ ನಷ್ಟವೇನಲ್ಲ. ಆದರೆ ಅದು ಮಾಡುತ್ತಿದ್ದ ಕೆಲಸವನ್ನು ಸ್ವಾಂಪರ್ಟ್ ಮತ್ತು ಬ್ಲಿಸ್ಸಿ ಹಂಚಿಕೊಂಡು ಮಾಡಬಲ್ಲವು. ಇನ್ನೊಂದು ನೋಡಿ. ಟೈರಾನಿಟಾರ್ ಎಬ್ಬಿಸುವ ಮರಳುಗಾಳಿ ಜೆನ್ 3ರಲ್ಲಿ ತಾನಾಗಿ ನಿಲ್ಲುವುದಿಲ್ಲ. ಪ್ರತಿ ಟರ್ನ್ ಹದಿನಾರನೇ ಒಂದು ಭಾಗ ಎಚ್‌ಪಿ ತಿನ್ನುತ್ತದೆ. ಲೆಫ್ಟೋವರ್ಸ್ (ಪೊಕೆಮಾನ್ ಹಿಡಿದುಕೊಳ್ಳುವ ವಸ್ತು) ಪ್ರತಿ ಟರ್ನ್ ಕೊಡುವುದೂ ಅಷ್ಟನ್ನೇ. ಮಿಲೋಟಿಕ್, ಬ್ಲಿಸ್ಸಿ, ಗೆಂಗಾರ್ ಮೂವರ ಲೆಫ್ಟೋವರ್ಸ್ ನಿಮ್ಮದೇ ಗಾಳಿಗೆ ಹೋಗುತ್ತಿತ್ತು. ರಾಕ್, ಗ್ರೌಂಡ್, ಸ್ಟೀಲ್‌ಗಳಿಗೆ ಆ ಗಾಳಿ ತಾಗುವುದಿಲ್ಲ. ಮ್ಯಾಗ್ನೆಟಾನ್ ಬಂದಮೇಲೆ ನಾಲ್ವರು ಗಾಳಿಗೆ ಅಂಜದವರು.

ಸ್ಕಾರ್ಮರಿಗೆ ಸ್ಪೈಕ್ಸ್, ರೋರ್ ಇರಲಿ. ಮೂರು ಪದರ ಹಾಸಿದರೆ ನೆಲದ ಮೇಲಿನ ಪೊಕೆಮಾನ್ ಪ್ರತಿ ಸಲ ಒಳಬಂದಾಗ ಕಾಲು ಭಾಗ ಎಚ್‌ಪಿ ಕಳೆದುಕೊಳ್ಳುತ್ತದೆ. ಎದುರಾಳಿ ಅದನ್ನು ಗುಡಿಸಲು ರ‍್ಯಾಪಿಡ್ ಸ್ಪಿನ್ ಮಾಡುವಾಗ ಗೆಂಗಾರ್ ತನ್ನಿ. ಗೋಸ್ಟ್ ಮೇಲೆ ಸ್ಪಿನ್ ನಡೆಯುವುದಿಲ್ಲ. ಸ್ಟಾರ್ಮಿ, ಕ್ಲೇಡಾಲ್ ಎರಡರ ಬಳಿಯೂ ಸೈಕಿಕ್ ಇರಬಹುದು, ಅದಕ್ಕಾಗಿ ಗೆಂಗಾರ್‌ನ ಎಚ್‌ಪಿಯನ್ನು ಬೇರೆಲ್ಲೂ ಪೋಲು ಮಾಡಬೇಡಿ. ಗೆಂಗಾರ್‌ಗೆ ಎಕ್ಸ್‌ಪ್ಲೋಷನ್ (ತಾನೇ ಸಿಡಿದು ಸಾಯುವ ಮೂವ್) ಇರಲೇಬೇಕು. ಮ್ಯಾಗ್ನೆಟಾನ್, ಗೆಂಗಾರ್ ಇಬ್ಬರೂ ಸ್ಪೆಷಲ್ ಹೊಡೆಯುವವರು, ಎದುರಿನ ಬ್ಲಿಸ್ಸಿ ಇಬ್ಬರನ್ನೂ ನೋಡಿ ನಗುತ್ತದೆ. ಈ ಪೀಳಿಗೆಯಲ್ಲಿ ಎಕ್ಸ್‌ಪ್ಲೋಷನ್ ಎದುರಾಳಿಯ ಡಿಫೆನ್ಸನ್ನು ಅರ್ಧವಾಗಿ ಲೆಕ್ಕ ಹಿಡಿಯುತ್ತದೆ, ಆ ನಗು ನಿಲ್ಲಿಸಲು ಇದಕ್ಕಿಂತ ಚೆನ್ನಾದ ದಾರಿ ಇಲ್ಲ. ಆದರೆ ಗೆಂಗಾರ್ ಸಿಡಿದರೆ ನಿಮ್ಮ ಸ್ಪೈಕ್ಸ್‌ಗೆ ಕಾವಲಿಲ್ಲ. ಟೈರಾನಿಟಾರ್ ಹೊರಡುವ ಸಮಯ ಬಂತು ಎನಿಸಿದಾಗ ಮಾತ್ರ ಸಿಡಿಸಿ.

ಬ್ಲಿಸ್ಸಿಯ ಮೂವ್‌ಗಳನ್ನೂ ಪೂರ್ತಿ ಬದಲಾಯಿಸಿ. ಐಸ್ ಬೀಮ್, ಥಂಡರ್‌ಬೋಲ್ಟ್, ಫ್ಲೇಮ್‌ಥ್ರೋವರ್ ಮೂರನ್ನೂ ಇಟ್ಟುಕೊಂಡು ಅದು ಯಾರನ್ನು ಹೆದರಿಸುತ್ತದೆ ಹೇಳಿ? ಸಾಫ್ಟ್‌ಬಾಯಿಲ್ಡ್, ಸೈಸ್ಮಿಕ್ ಟಾಸ್, ಹೀಲ್ ಬೆಲ್, ಥಂಡರ್ ವೇವ್. ಟಾಸ್ ಯಾರ ಮೇಲೆ ಹಾಕಿದರೂ ಸರಿಯಾಗಿ 100 ಎಚ್‌ಪಿ ಕೀಳುತ್ತದೆ, ಗೋಸ್ಟ್ ಬಿಟ್ಟು. ಥಂಡರ್ ವೇವ್ ಪಟ್ಟಿಯ ಮೂರನೇ ಸಾಲಿಗೆ: ಈ ಪೀಳಿಗೆಯಲ್ಲಿ ಅದು ತರುವ ಪ್ಯಾರಾಲಿಸಿಸ್ ವೇಗವನ್ನು ಕಾಲು ಭಾಗಕ್ಕೆ ಇಳಿಸುತ್ತದೆ. ಗೆಂಗಾರ್ ಅಲ್ಲಿಗೆ ಮುಗಿಯಿತು. ಸ್ಟಾರ್ಮಿ ಮಾತ್ರ ನ್ಯಾಚುರಲ್ ಕ್ಯೂರ್‌ನಿಂದ ಸ್ವಿಚ್ ಆದ ಕೂಡಲೇ ವಾಸಿ ಮಾಡಿಕೊಳ್ಳುತ್ತದೆ. ಗ್ರೌಂಡ್ ಟೈಪಿನ ಡಗ್ಟ್ರಿಯೊಗೆ ಥಂಡರ್ ವೇವ್ ತಾಗುವುದೇ ಇಲ್ಲ.

ಬ್ಲಿಸ್ಸಿಯ ಇವಿ ನೋಡಿ ನನಗೆ ಅಯ್ಯೋ ಅನಿಸಿತು. ಎಚ್‌ಪಿಗೆ 252, ಸ್ಪೆಷಲ್ ಡಿಫೆನ್ಸ್‌ಗೆ 252. ಅದರ ಬೇಸ್ ಎಚ್‌ಪಿ 255, ಬೇಸ್ ಡಿಫೆನ್ಸ್ ಬರೀ 10. ಎಚ್‌ಪಿಗೆ 252 ಹಾಕಿದರೆ 651 ಇದ್ದದ್ದು 714 ಆಗುತ್ತದೆ, ನೂರಕ್ಕೆ ಹತ್ತೂ ಏರುವುದಿಲ್ಲ. ಅದೇ 252 ಡಿಫೆನ್ಸ್‌ಗೆ ಹಾಕಿದರೆ 56 ಇದ್ದದ್ದು 119. ಬೋಲ್ಡ್ ನೇಚರ್ ಸೇರಿದರೆ 130. ಎರಡು ಪಟ್ಟಿಗಿಂತ ಜಾಸ್ತಿ. ಎಚ್‌ಪಿಯ 252 ಹಾಗೇ ಇರಲಿ, ಸ್ಪೆಷಲ್ ಡಿಫೆನ್ಸ್‌ನದ್ದು ಪೂರ್ತಿ ಡಿಫೆನ್ಸ್‌ಗೆ ಬರಲಿ.

ಜೆನ್ 3ರಲ್ಲಿ ಟೀಮ್ ಪ್ರಿವ್ಯೂ (ಆಟಕ್ಕೆ ಮೊದಲೇ ಎದುರಾಳಿಯ ತಂಡ ತೋರಿಸುವುದು) ಇಲ್ಲ. ಅದು ಬಂದಿದ್ದು ಜೆನ್ 5ರಲ್ಲಿ. ನಿಮ್ಮ ಬಳಿ ಮ್ಯಾಗ್ನೆಟಾನ್ ಇದೆ ಎಂದು ಎದುರಾಳಿಗೆ ಗೊತ್ತಾಗುವುದು ನೀವು ತೋರಿಸಿದಾಗಲೇ. ಹಾಗಾಗಿ ಸ್ಕಾರ್ಮರಿ ಕಾಣುವ ತನಕ ಅದನ್ನು ಹೊರಗೆ ತೆಗೆಯಲೇಬೇಡಿ, ಒಂದೆರಡು ಪೆಟ್ಟು ತಿಂದರೂ ಪರವಾಗಿಲ್ಲ.

ಈ ಆರನ್ನು ಹಿಡಿದುಕೊಂಡು ಲ್ಯಾಡರ್‌ನಲ್ಲಿ (ಶ್ರೇಯಾಂಕದ ಪಂದ್ಯಗಳಲ್ಲಿ) ಸಾಕಷ್ಟು ಆಡಿ. ಪ್ರತಿ ಸೋಲಿಗೂ ತಂಡ ತಿದ್ದಬೇಡಿ. ಜೆನ್ 3ರ ಕ್ರಿಟಿಕಲ್ ಹಿಟ್ ಹದಿನಾರಕ್ಕೆ ಒಂದು ಸಲ ಬರುತ್ತದೆ, ಬಂದರೆ ಪೆಟ್ಟು ಡಬಲ್. ಅಂಥ ಸೋಲಿಗೆ ತಂಡ ಹೊಣೆಯಲ್ಲ. ರೀಪ್ಲೇ ಸೇವ್ ಮಾಡಿ, ಹಿಂದಿನಿಂದ ನೋಡುತ್ತಾ ಬನ್ನಿ. ಯಾವ ಟರ್ನಿನ ನಂತರ ನಿಮಗೆ ಗೆಲ್ಲುವ ದಾರಿಯೇ ಇರಲಿಲ್ಲ ಎಂದು ಹುಡುಕಿ. ಸಾಮಾನ್ಯವಾಗಿ ಅದು ಕೊನೆಯ ಟರ್ನಿಗಿಂತ ತುಂಬಾ ಹಿಂದೆ ಇರುತ್ತದೆ. ಬೇರೆ ಬೇರೆ ಸೋಲುಗಳಲ್ಲಿ ಒಂದೇ ಪೊಕೆಮಾನ್ ಹೆಸರು ಮತ್ತೆ ಮತ್ತೆ ಬಂದರೆ ಆಗ ತಿದ್ದಿ, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ನನ್ನ ಊಹೆ, ಆ ಹೆಸರು ಡಗ್ಟ್ರಿಯೊ ಆಗಿರುತ್ತದೆ. ನೆಲದ ಮೇಲಿನವರನ್ನು ಸ್ವಿಚ್ ಆಗಲು ಬಿಡದ ಅದರ ಅರೀನಾ ಟ್ರ್ಯಾಪ್‌ಗೆ ನಿಮ್ಮ ಬ್ಲಿಸ್ಸಿ, ಟೈರಾನಿಟಾರ್, ಮ್ಯಾಗ್ನೆಟಾನ್ ಮೂರೂ ಸಿಗುತ್ತವೆ. ಬ್ಲಿಸ್ಸಿ ಹೋದರೆ ಹಿಂದೆಯೇ ಜ್ಯಾಪ್ಡೋಸೋ ಸುಯಿಕೂನೋ ಬಂದು ಗುಡಿಸಿಹಾಕುತ್ತದೆ. ಆದರೆ ಹೊಸ ಇವಿ ಹಾಕಿದ ಬ್ಲಿಸ್ಸಿ ಪೂರ್ತಿ ಎಚ್‌ಪಿಯಲ್ಲಿದ್ದರೆ, ಚಾಯ್ಸ್ ಬ್ಯಾಂಡ್ (ಅಟ್ಯಾಕ್ ಏರಿಸುವ ವಸ್ತು) ಇಲ್ಲದ ಡಗ್ಟ್ರಿಯೊ ಅದನ್ನು ಎರಡು ಅರ್ತ್‌ಕ್ವೇಕ್‌ನಲ್ಲಿ ಕೊಲ್ಲಲಾರದು. ಡಗ್ಟ್ರಿಯೊಗೆ ಇರುವುದು ಸುಮಾರು 211 ಎಚ್‌ಪಿ. ಒಂದೇ ಪದರ ಸ್ಪೈಕ್ಸ್ ತುಳಿದಿದ್ದರೂ 185ರ ಆಸುಪಾಸಿಗೆ ಇಳಿದಿರುತ್ತದೆ. ಎರಡು ಸೈಸ್ಮಿಕ್ ಟಾಸ್‌ಗೆ ಅದು ಸತ್ತಿರುತ್ತದೆ. ಚಾಯ್ಸ್ ಬ್ಯಾಂಡ್ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ, ಆಗ ಡಗ್ಟ್ರಿಯೊ ಬದುಕಿರುವವರೆಗೆ ಬ್ಲಿಸ್ಸಿ ಬದಲು ಸ್ಕಾರ್ಮರಿ, ಗೆಂಗಾರ್‌ಗಳನ್ನೇ ಮುಂದಿಟ್ಟು ಆಡಿ. ಆ ಇಬ್ಬರನ್ನು ಅದು ಹಿಡಿಯಲಾರದು.