ಕುಶಾಲನಗರದಲ್ಲಿ ಬೋರ್ಡ್ ಅಂಗಡಿ ಹಾಕುತ್ತಿದ್ದೇನೆ, ಯಾವ ವಿನೈಲ್ ಕಟಿಂಗ್ ಪ್ಲಾಟರ್ ಕೊಳ್ಳಲಿ?

ನೀವು ಕೇಳಿದ್ದು ಎರಡು. ಸ್ಟಿಕರ್ ಹಾಳೆಯಲ್ಲಿ (ವಿನೈಲ್) ಅಕ್ಷರ ಕೊರೆಯುವ ಈ ಮಷಿನ್ ಎರಡಡಿ ಅಗಲದ್ದು ಸಾಕೇ, ನಾಲ್ಕಡಿಯದೇ ಬೇಕೇ? ಕಡಿಮೆ ಬೆಲೆಯ ಚೀನಾ ಪ್ಲಾಟರ್‌ನಲ್ಲಿ ಶುರು ಮಾಡಬಹುದೇ, ಸಾಲ ಮಾಡಿಯಾದರೂ ಜಪಾನಿನದನ್ನೇ ತರಬೇಕೇ? ವಿರಾಜಪೇಟೆಯಲ್ಲಿ ಇದೇ ಕಸುಬು ಮಾಡುವವನಾಗಿ ನನ್ನ ಉತ್ತರ: ಎರಡಡಿ ಸಾಕು, ಆದರೆ ಸರ್ವೋ ಮೋಟರ್ ಇರುವುದನ್ನೇ ಕೊಳ್ಳಿ. ಅಗಲಕ್ಕೆ ಸುರಿಯುವ ದುಡ್ಡನ್ನು ನಿಖರತೆಗೆ ಹಾಕಿ.

ಇದಕ್ಕೆ ಕಾರಣ ನಮ್ಮ ಲಿಪಿ. ಇಂಗ್ಲಿಷಿನ ದಪ್ಪ ಅಕ್ಷರಗಳನ್ನು ಎಂಥ ಮಷಿನ್ ಆದರೂ ಕೊರೆದು ಕೊಡುತ್ತದೆ. ಕನ್ನಡದಲ್ಲಿ ಎಲ್ಲವೂ ಸುತ್ತು, ಬಳುಕು, ಅದರ ಕೆಳಗೆ ಪುಟ್ಟ ಒತ್ತಕ್ಷರ. ಸ್ಟೆಪ್ಪರ್ ಮೋಟರ್ ತಾನು ಎಲ್ಲಿ ನಿಂತಿದ್ದೇನೆಂದು ತಿರುಗಿ ನೋಡುವುದಿಲ್ಲ. ನಡುವೆ ಒಂದು ಹೆಜ್ಜೆ ತಪ್ಪಿದರೆ ಮುಂದಿನದೆಲ್ಲ ಅಷ್ಟೇ ಸರಿದು ಹೋಗುತ್ತದೆ, ಸುತ್ತು ಶುರುವಾದ ಜಾಗಕ್ಕೆ ಬಂದು ಮುಚ್ಚಿಕೊಳ್ಳುವುದಿಲ್ಲ. ಬೇಡದ ವಿನೈಲ್ ಎಳೆಯುವಾಗ ತಲೆಕಟ್ಟೂ ಜೊತೆಗೇ ಕಿತ್ತು ಬರುತ್ತದೆ. ಸರ್ವೋದಲ್ಲಿ ಎನ್‌ಕೋಡರ್ ಎಂಬ ಸೆನ್ಸರ್ ಇರುವುದರಿಂದ ಮಷಿನ್ ತನ್ನ ಜಾಗವನ್ನು ಅಳೆದು ಸರಿಪಡಿಸಿಕೊಳ್ಳುತ್ತಲೇ ಹೋಗುತ್ತದೆ. ಚೀನಾ ತಯಾರಿಕೆಯಲ್ಲೂ ಸರ್ವೋ ಮಾದರಿಗಳಿವೆ, ಆದ್ದರಿಂದ ದೇಶ ನೋಡಬೇಡಿ, ಮೋಟರ್ ನೋಡಿ.

ಡೀಲರ್ ಅಂಗಡಿಯಲ್ಲಿ ಅವರ ಡೆಮೊ ಫೈಲ್ ನೋಡಿ ಒಪ್ಪಿಕೊಳ್ಳಬೇಡಿ. ಅವರು ತೋರಿಸುವುದು ಹೆಚ್ಚಾಗಿ ಹೂವು, ಚಿಟ್ಟೆ. ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಫೈಲ್ ಒಯ್ಯಿರಿ: ‘ಶ್ರೀ ಲಕ್ಷ್ಮಿ’, ‘ಸ್ವಾತಂತ್ರ್ಯ’, ‘ಪೊನ್ನಂಪೇಟೆ’ ಇಂಥ ಪದಗಳನ್ನು ಒಂದೂವರೆ ಸೆಂಟಿಮೀಟರ್ ಎತ್ತರಕ್ಕೆ ಇಟ್ಟು ಕೊರೆಯಿಸಿ, ಸುತ್ತಲಿನ ಬೇಡದ ವಿನೈಲನ್ನು ನೀವೇ ಕೂತು ಕಿತ್ತು ನೋಡಿ. ಆಮೇಲೆ ನಾಲ್ಕೈದು ಮೀಟರ್ ಉದ್ದದ ಒಂದು ಆಯತ ಕೊರೆಯಲು ಹೇಳಿ. ಮಷಿನ್ ರೋಲನ್ನು ಅಷ್ಟುದ್ದ ಎಳೆದು ವಾಪಸ್ ತಂದಾಗ ಕೊನೆಯ ಗೆರೆ ಮೊದಲ ಗೆರೆಗೆ ಕೂಡಿದರೆ ಅದರ ಟ್ರ್ಯಾಕಿಂಗ್ ನಂಬಬಹುದು. ಫೈಲ್ ಮಾಡುವಾಗ ಕೋರೆಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಅಕ್ಷರಗಳನ್ನು ಕರ್ವ್‌ಗೆ (ಬರೀ ಗೆರೆಗಳಿಗೆ) ಬದಲಿಸಿ ವೆಲ್ಡ್ ಮಾಡಿರಬೇಕು, ಅಂದರೆ ಒಂದಕ್ಕೊಂದು ತಾಗುವ ಭಾಗಗಳನ್ನು ಒಂದೇ ಹೊರಗೆರೆಯಾಗಿ ಬೆಸೆದಿರಬೇಕು. ವೆಲ್ಡ್ ಬದಲು ಕಂಬೈನ್ ಮಾಡಿದರೆ ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗುವ ಕಡೆಯೆಲ್ಲ ತೂತು ಬೀಳುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ಆದ 2024ರ ತಿದ್ದುಪಡಿಯ ನಂತರ ಅಂಗಡಿ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡವೇ ಇರಬೇಕು, ಹಾಗಾಗಿ ದಿನವೂ ಕೊರೆಯುವುದು ಈ ಅಕ್ಷರಗಳನ್ನೇ.

ಡೌನ್ ಫೋರ್ಸ್, ಅಂದರೆ ಬ್ಲೇಡನ್ನು ಕೆಳಗೆ ಒತ್ತುವ ಬಲದ ಬಗ್ಗೆ ಸೇಲ್ಸ್‌ನವರು ಬಹಳ ಹೇಳುತ್ತಾರೆ. ಜಪಾನ್ ಕಂಪನಿಗಳ ಮಷಿನ್‌ಗಳಲ್ಲಿ ರೋಲ್ಯಾಂಡ್ ಜಿಎಸ್-24ರದ್ದು 350 ಗ್ರಾಂ, ಗ್ರಾಫ್‌ಟೆಕ್ ಸಿಇ7000-60ರದ್ದು 450 ಗ್ರಾಂ. ಸಾಮಾನ್ಯ ವಿನೈಲಿಗೆ ಇದರ ಅರ್ಧವೂ ಬೇಡ, ದಪ್ಪ ರಿಫ್ಲೆಕ್ಟಿವ್ ರೇಡಿಯಂಗೆ ಮಾತ್ರ ಹೆಚ್ಚು ಬೇಕು. ನಂಬರ್ ಪ್ಲೇಟ್ ಕೆಲಸ ನೆಚ್ಚಿಕೊಂಡು ಲೆಕ್ಕ ಹಾಕಿದ್ದರೆ ಅದನ್ನು ಬಿಟ್ಟುಬಿಡಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳು ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಹಾಕಿಸಿಕೊಂಡೇ ಬರುತ್ತವೆ.

ಕೊಡಗಿನಲ್ಲಿ ಹಣ ಇರುವುದು ಬೇರೆ ಕಡೆ. ಹೋಂಸ್ಟೇ ಬೋರ್ಡ್, ತೋಟದ ಗೇಟಿನ ಹೆಸರು, ಜೀಪಿನ ಸ್ಟಿಕರ್ ಸರಿಯೇ. ಅದಕ್ಕಿಂತ ಬಿಡದೆ ಬರುವ ಕೆಲಸ ಕಾಫಿ ಪುಡಿ, ಜೇನು, ಹೋಮ್‌ಮೇಡ್ ಚಾಕಲೇಟ್, ಮಸಾಲೆ ಪ್ಯಾಕೆಟ್‌ಗಳ ಲೇಬಲ್. ಪ್ರಿಂಟ್ ಆದ ಲೇಬಲನ್ನು ಅದರ ಅಂಚಿಗೆ ಸರಿಯಾಗಿ ಕತ್ತರಿಸಲು ಮಷಿನ್ನಿನಲ್ಲಿ ಹಾಳೆಯ ಮೇಲೆ ಮುದ್ರಿಸಿದ ಗುರುತು ಓದುವ ಆಪ್ಟಿಕಲ್ ಸೆನ್ಸರ್ ಇರಲೇಬೇಕು. ಕೈಯಲ್ಲಿ ಲೇಸರ್ ಚುಕ್ಕಿ ಹೊಂದಿಸಿಕೊಳ್ಳುವ ಅಗ್ಗದ ಮಾದರಿಯಲ್ಲಿ ನೂರಾರು ಲೇಬಲ್ ಮಾಡಿ ಗಿರಾಕಿಗೆ ಹೊತ್ತಿಗೆ ಸರಿಯಾಗಿ ಕೊಡಲು ಆಗುವುದಿಲ್ಲ. ಇದನ್ನೂ ಡೆಮೊದಲ್ಲಿ ಪರೀಕ್ಷಿಸಿ. ಗ್ಲಾಸಿ ಲ್ಯಾಮಿನೇಷನ್ ಆದ ಹಾಳೆಯನ್ನೇ ಕೊಡಿ, ಏಕೆಂದರೆ ಹೊಳಪಿನ ಮೇಲೆ ಎಷ್ಟೋ ಸೆನ್ಸರ್‌ಗಳು ಗುರುತು ಹಿಡಿಯಲು ತಡಕಾಡುತ್ತವೆ.

ನಾಲ್ಕಡಿ ಮಷಿನ್ ಯಾಕೆ ಬೇಡವೆಂದರೆ, ದೊಡ್ಡ ಅಕ್ಷರ ಬೇಕಾದ ಬೋರ್ಡ್ ಈಗ ಎಸಿಪಿ (ಅಲ್ಯೂಮಿನಿಯಂ ಹಾಳೆಯ ಪ್ಯಾನೆಲ್) ಮೇಲೆ ಅಕ್ರಿಲಿಕ್ ಅಕ್ಷರವಾಗಿ ಹೋಗುತ್ತದೆ, ಅದು ದಪ್ಪ ಹಲಗೆ ಕೊರೆಯುವ ರೌಟರ್ ಅಥವಾ ಲೇಸರ್ ಮಷಿನ್ನಿನ ಕೆಲಸ. ಅಪರೂಪಕ್ಕೆ ಅಗಲದ್ದು ಬಂದರೆ ಎರಡು ಪಟ್ಟಿಯಾಗಿ ಕೊರೆದು ಅಂಚು ಕೂಡಿಸಿ ಅಂಟಿಸಬಹುದು.

ಇನ್ನು ಮಳೆ. ಕುಶಾಲನಗರದಲ್ಲಿ ಮಡಿಕೇರಿಯಷ್ಟು ಸುರಿಯದಿದ್ದರೂ ಜೂನ್‌ನಿಂದ ತೇವ ಇದ್ದೇ ಇರುತ್ತದೆ. ವಿನೈಲಿನ ಹಿಂದಿನ ಕಾಗದ ಆ ತೇವ ಹೀರಿ ಅಲೆಯಲೆಯಾಗುತ್ತದೆ, ರೋಲರ್ ಅದನ್ನು ನೇರವಾಗಿ ಎಳೆಯಲಾರದು. ಎಷ್ಟು ಬೆಲೆಯ ಮಷಿನ್ ಆದರೂ ಇದರ ಮುಂದೆ ಸೋಲುತ್ತದೆ. ರೋಲುಗಳನ್ನು ಗೋಡೆಗೆ ಒರಗಿಸಿಡದೆ ಪ್ಲಾಸ್ಟಿಕ್ ಕವರಿನೊಳಗೆ ಬಾಯಿ ಕಟ್ಟಿ ಇಡಿ. ಕೊರೆಯುವ ಮೊದಲು ಬೇಕಾದಷ್ಟು ಉದ್ದವನ್ನು ಒಮ್ಮೆ ಮುಂದೆ ಹಿಂದೆ ಓಡಿಸಿಕೊಳ್ಳಿ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಗುಡುಗು ಕೇಳಿಸಿದರೆ ಪ್ಲಗ್ ಜೊತೆ ಯುಎಸ್‌ಬಿ ಕೇಬಲ್ಲನ್ನೂ ಕಿತ್ತಿಡಿ. ಕರೆಂಟ್ ನಡುವೆ ಹೋದರೆ ಶುರುವಿನ ಬಿಂದುವೇ ಕಳೆದು ಇಡೀ ತುಂಡು ದಂಡವಾಗುತ್ತದೆ, ಹಾಗಾಗಿ ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್‌ನ ಖರ್ಚನ್ನು ಮಷಿನ್ನಿನ ಬೆಲೆಯಲ್ಲೇ ಸೇರಿಸಿಕೊಂಡು ಸಾಲ ಕೇಳಿ.

ಸರ್ವಿಸ್‌ಗೆ ಜನ ಬರುವುದು ಮೈಸೂರಿನಿಂದಲೋ ಬೆಂಗಳೂರಿನಿಂದಲೋ. ಮೈಸೂರಿನಲ್ಲಿ ಎಂಜಿನಿಯರ್ ಇರುವ ಡೀಲರ್ ಒಂದಿಷ್ಟು ಹೆಚ್ಚು ಕೇಳಿದರೂ ಅವರ ಬಳಿಯೇ ತೆಗೆದುಕೊಳ್ಳಿ. ಬಿಲ್ ಮಾಡಿಸುವಾಗಲೇ 45 ಡಿಗ್ರಿಯ ನಾಲ್ಕು ಬ್ಲೇಡ್, ರಿಫ್ಲೆಕ್ಟಿವ್‌ಗೆಂದು 60 ಡಿಗ್ರಿಯ ಒಂದು, ಇನ್ನೊಂದು ಬ್ಲೇಡ್ ಹೋಲ್ಡರ್, ಬ್ಲೇಡ್ ಕೆಳಗೆ ಬರುವ ಬಿಳಿ ಪಟ್ಟಿ ಇವನ್ನೂ ಸೇರಿಸಿ. ಆ ಪಟ್ಟಿಯಲ್ಲಿ ಗೀರು ಬಿದ್ದರೆ ಅಲ್ಲಿ ಮಾತ್ರ ವಿನೈಲ್ ಕತ್ತರಿಸುವುದಿಲ್ಲ, ಕಾರಣ ತಿಳಿಯದೆ ಜನ ಬ್ಲೇಡ್ ಬದಲಿಸುತ್ತಲೇ ಇರುತ್ತಾರೆ.