ದಿನ ತುಂಬಿದ ಮೇಲೆ ಬಾಯಿಗೆ ಮಾತ್ರೆ ಕೊಟ್ಟು ನೋವು ಬರಿಸ್ತಾರಂತೆ, ಹೆದರಬೇಕಾ?

ನಿಮಗೆ 41 ವಾರ ತುಂಬ್ತಿದೆ, ನೋವಿನ ಸುಳಿವಿಲ್ಲ, ಡಾಕ್ಟರು ಅಡ್ಮಿಟ್ ಆಗಿ ಅಂದಿದ್ದಾರೆ. ಮಿಸೊಪ್ರೊಸ್ಟಾಲ್ ಅನ್ನೋ ಆ ಮಾತ್ರೆಯ ಹೆಸರು ಹುಡುಕಿದರೆ ‘ಹೊಟ್ಟೆ ಹುಣ್ಣಿಗೆ, ಗರ್ಭಿಣಿಯರು ತಗೊಳ್ಳಬಾರದು’ ಅಂತ ಸಿಕ್ಕಿದೆ. ಗಾಬರಿಯಾಗದೆ ಇನ್ನೇನಾಗುತ್ತೆ! ನಾನು ಹೆರಿಗೆ ವಾರ್ಡಿನ ನರ್ಸ್. ಮೊಬೈಲಿನಲ್ಲಿ ಇದನ್ನೇ ತೋರಿಸಿ ‘ಸಿಸ್ಟರ್, ಏನಿದು?’ ಅಂತ ಕೇಳಿದವರು ಎಷ್ಟೋ ಜನ.

ಅಲ್ಲಿ ಬರೆದಿರೋದು ಸುಳ್ಳಲ್ಲ. ಮಿಸೊಪ್ರೊಸ್ಟಾಲ್‌ಗೆ ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿದ್ದು ಹೊಟ್ಟೆ ಹುಣ್ಣು ತಡೆಯೋಕೆ. ಆದರೆ ಅದು ಗರ್ಭಕೋಶದ ಬಾಯಿಯನ್ನು ಮೆತ್ತಗೆ ಮಾಡುತ್ತೆ, ಗರ್ಭಕೋಶ ಹಿಂಡಿಕೊಳ್ಳೋ ಹಾಗೂ ಮಾಡುತ್ತೆ. ನಾಲ್ಕೈದು ತಿಂಗಳ ಬಸುರಿಗೆ ಅದೇ ಗಂಡಾಂತರ, ದಿನ ತುಂಬಿದವರಿಗೆ ಬೇಕಾಗಿರೋದೂ ಅದೇ. ಇನ್ನು ಪ್ರಮಾಣ ನೋಡಿ: ಹುಣ್ಣಿನ ಮಾತ್ರೆ ಸಾಮಾನ್ಯವಾಗಿ 200 ಮೈಕ್ರೋಗ್ರಾಂ. ನೋವು ಬರಿಸೋಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಬರೀ 25, ಎರಡು ಗಂಟೆಗೊಮ್ಮೆ.

25ರದ್ದೇ ಮಾತ್ರೆ ಸಿಗದ ಕಡೆ 200ರ ಮಾತ್ರೆಯನ್ನು 200 ಮಿ.ಲೀ. ನೀರಿನಲ್ಲಿ ಕದಡಿ, ಪ್ರತಿ ಸಲ 25 ಮಿ.ಲೀ. ಅಳೆದು ಕುಡಿಸ್ತೀವಿ. ಪುಡಿ ತಳ ಹಿಡಿಯುತ್ತೆ, ಅದಕ್ಕೇ ಕೊಡೋ ಮುಂಚೆ ಬಾಟಲಿ ಚೆನ್ನಾಗಿ ಅಲುಗಾಡಿಸ್ತೀವಿ. ಬ್ಲೇಡಿನಲ್ಲಿ ಎಂಟು ಚೂರು ಮಾಡೋದು ನನಗೆ ಸೇರಲ್ಲ. ಒಂದು ಚೂರು ದಪ್ಪ, ಇನ್ನೊಂದು ಪುಡಿಪುಡಿ, ಯಾರ ಹೊಟ್ಟೆಗೆ ಎಷ್ಟು ಹೋಯ್ತೋ ಯಾರಿಗೆ ಗೊತ್ತು?

‘ಮನೆಯಲ್ಲೇ ನುಂಗಿ ನೋವು ಬಂದ ಮೇಲೆ ಹೋಗಲಾ?’ ಅಂತಲೂ ಕೇಳಿದ್ದೀರಿ. ಖಂಡಿತ ಬೇಡ. ಕೆಲವರಿಗೆ ಅಷ್ಟು ಸಣ್ಣ ಡೋಸಿಗೂ ಗರ್ಭಕೋಶ ಬಿಡುವಿಲ್ಲದೆ ಹಿಂಡೋಕೆ ಶುರುಮಾಡುತ್ತೆ. ಹೊಟ್ಟೆ ಮೇಲೆ ಕೈಯಿಟ್ಟು, ಗಡಿಯಾರ ನೋಡ್ತಾ ನಾವು ಎಣಿಸೋದು ಅದನ್ನೇ. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ನೋವು ಬಂತು ಅಂದರೆ ಅತಿಯಾಯ್ತು ಅಂತ ಲೆಕ್ಕ, ಮುಂದಿನ ಡೋಸ್ ಕೊಡಲ್ಲ. ನೋವಿನ ನಡುವೆ ಬಿಡುವು ಇಲ್ಲದಿದ್ದರೆ ಮಗುವಿಗೆ ಆಮ್ಲಜನಕ ಕಮ್ಮಿಯಾಗುತ್ತೆ, ಅದರ ಎದೆಬಡಿತ ಕೇಳಿ ನೋಡೋಕೆ ಯಾರಾದರೂ ಪಕ್ಕದಲ್ಲಿ ಇರಲೇಬೇಕು. ಮುಂಚೆ ಸಿಸೇರಿಯನ್ ಆಗಿದ್ದರಂತೂ ಮರೆಯದೆ ಹೇಳಿ. ಹಳೇ ಹೊಲಿಗೆ ಬಿಟ್ಟು ಗರ್ಭಕೋಶ ಹರಿಯೋ ಅಪಾಯ ಇರೋದರಿಂದ ಅಂಥವರಿಗೆ ಈ ಮಾತ್ರೆ ಕೊಡಬಾರದು.

ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು ಗರ್ಭಕೋಶದ ಬಾಯಿ ಎಷ್ಟು ಹದವಾಗಿದೆ ಅನ್ನೋದರ ಮೇಲೆ. ಒಳಪರೀಕ್ಷೆ ಆದಾಗ ಕೇಳಿ ತಿಳ್ಕೊಳ್ಳಿ. ಚೊಚ್ಚಲ ಹೆರಿಗೆಯಾದರೆ ಇಡೀ ದಿನ ಹೋದರೂ ಆಶ್ಚರ್ಯ ಇಲ್ಲ. ಮೂರು ಡೋಸ್ ಆದ ಮೇಲೂ ಏನೂ ಆಗಲಿಲ್ಲ ಅಂತ ಒಬ್ಬಾಕೆ ‘ಡುಪ್ಲಿಕೇಟ್ ಮಾತ್ರೆ ಏನ್ರೀ?’ ಅಂತ ಜಗಳಕ್ಕೇ ನಿಂತಿದ್ದಳು. ಹೊರಗೆ ನೋವು ಕಾಣದಿದ್ದರೂ ಒಳಗೆ ಬಾಯಿ ಮೆತ್ತಗಾಗ್ತಾ ಇರುತ್ತೆ. ನೋವು ಹದವಾಗಿ ಹಿಡಿದ ಮೇಲೆ ಮಾತ್ರೆ ನಿಲ್ಲಿಸ್ತಾರೆ. ನೋವು ಸಾಲದೆ, ನೋವು ಹೆಚ್ಚಿಸೋ ಔಷಧಿಯ ಡ್ರಿಪ್ ಹಾಕಬೇಕಾದರೆ ಕೊನೇ ಡೋಸ್ ಆಗಿ ನಾಲ್ಕು ಗಂಟೆ ಕಾಯ್ತಾರೆ, ಎರಡೂ ಒಟ್ಟಿಗೆ ಸೇರಬಾರದು. ಸ್ವಲ್ಪ ಚಳಿ, ವಾಕರಿಕೆ, ಭೇದಿ ಕಾಣಿಸ್ಕೊಳ್ಳಬಹುದು. ಈ ಪ್ರಮಾಣದಲ್ಲಿ ಅಷ್ಟೇನೂ ಕಾಡಲ್ಲ.

ನೀವು ಗಮನ ಇಡಬೇಕಾದ್ದು ಒಂದಿದೆ. ಒಂದು ನೋವು ಇಳಿದ ಮೇಲೆ ಹೊಟ್ಟೆ ಮುಟ್ಟಿ ನೋಡ್ಕೊಳ್ಳಿ, ಮೆತ್ತಗಾಗಿರಬೇಕು. ಕಲ್ಲಿನ ಹಾಗೆ ಬಿಗಿದೇ ಇದ್ದರೆ, ರಕ್ತ ಹೋದರೆ, ಮಗು ಮಿಸುಕಾಡೋದು ಕಮ್ಮಿ ಅನ್ನಿಸಿದರೆ ಸಂಕೋಚ ಬಿಟ್ಟು ಕೂಗಿ ಕರೀರಿ. ರಾತ್ರಿ ಮೂರು ಗಂಟೆಯಾದರೂ ಸರಿ, ನಾವು ಎದ್ದಿರೋದೇ ಅದಕ್ಕೆ.