ತಿನ್ನದ, ಕುಡಿಯದ ಕೋಳಿಗೆ ಮೊದಲು ಬೇಕಾದದ್ದು ಬೆಚ್ಚಗಿನ ಜಾಗ

ನಿಮ್ಮ ನಾಟಿ ಹೇಂಟೆ ಎರಡು ದಿನದಿಂದ ಕಾಳು ಮುಟ್ಟಿಲ್ಲ, ನೀರಿಗೂ ಕೊಕ್ಕು ಇಡುತ್ತಿಲ್ಲ, ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ತೂಕಡಿಸುತ್ತಿದೆ, ಅರಿಶಿನ ಬೆಳ್ಳುಳ್ಳಿಯ ಉಂಡೆ ನುಂಗಿಸಿದರೂ ಗುಣ ಕಾಣಲಿಲ್ಲ, ಇನ್ನೇನು ಕೊಡಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ತಿನ್ನಲು ಏನನ್ನೂ ಕೊಡಬೇಡಿ. ಉಂಡೆಯನ್ನೂ ನಿಲ್ಲಿಸಿ. ಮೊದಲು ಅದರ ಮೈ ಬೆಚ್ಚಗಾಗಲಿ, ಆಮೇಲೆ ಹನಿ ಹನಿಯಾಗಿ ನೀರು, ಅದು ಕಣ್ಣರಳಿಸಿ ಅತ್ತಿತ್ತ ನೋಡತೊಡಗಿದ ಮೇಲಷ್ಟೇ ಆಹಾರ.

ಕೋಳಿಯ ಮೈ ಸಹಜವಾಗಿಯೇ ನಮ್ಮದಕ್ಕಿಂತ ಬಿಸಿ, 41ರಿಂದ 42 ಡಿಗ್ರಿ ಸೆಲ್ಸಿಯಸ್. ಹೊಟ್ಟೆಗಿಲ್ಲದ ಕೋಳಿಗೆ ಆ ಬಿಸಿಯನ್ನು ಕಾಪಾಡಿಕೊಳ್ಳುವುದೇ ದೊಡ್ಡ ಕೆಲಸ. ಗರಿ ಉಬ್ಬಿಸಿ ನಿಲ್ಲುವುದು ಅದಕ್ಕಾಗಿಯೇ. ಮೈ ತಣ್ಣಗಾಗಿ ನೀರಿನಂಶ ಬತ್ತಿದಾಗ ಜೀರ್ಣಕ್ರಿಯೆಯೂ ಮಂದವಾಗುತ್ತದೆ. ಆಗ ಬಾಯಿಗೆ ತುರುಕಿದ ಅನ್ನವಾಗಲಿ, ಉಂಡೆಯಾಗಲಿ ಕುತ್ತಿಗೆಯ ಬುಡದಲ್ಲಿರುವ ಕಾಳಿನ ಚೀಲದಿಂದ ಕೆಳಗಿಳಿಯದೆ ಅಲ್ಲೇ ಕೂತು ಹುಳಿಯುತ್ತದೆ. ಕಾಯಿಲೆಗಿಂತ ಹೀಗೆ ಪ್ರೀತಿಯಿಂದ ತುರುಕಿದ್ದೇ ಮುಳುವಾದ ಕೋಳಿಗಳು ಬಹಳ.

ಒಂದು ರಟ್ಟಿನ ಪೆಟ್ಟಿಗೆ ಅಥವಾ ಅಗಲವಾದ ಬುಟ್ಟಿ ತೆಗೆದುಕೊಂಡು ತಳಕ್ಕೆ ಗೋಣಿಚೀಲ ಹಾಸಿ, ಮೇಲೊಂದು ಬಿಳಿ ಬಟ್ಟೆ ಹಾಕಿ. ಬಿಳಿಯದೇ ಬೇಕು, ಹಿಕ್ಕೆಯ ಬಣ್ಣ ಅದರ ಮೇಲೆ ಚೆನ್ನಾಗಿ ಕಾಣುತ್ತದೆ. ಪೆಟ್ಟಿಗೆಯ ಒಂದು ಬದಿಗೆ ಮಾತ್ರ 60 ವ್ಯಾಟಿನ ಹಳೆಯ ಕಾಲದ ತಂತಿ ಬಲ್ಬು ತೂಗುಹಾಕಿ. ಸೆಕೆಯಾದರೆ ಕೋಳಿ ಇನ್ನೊಂದು ಬದಿಗೆ ಸರಿದುಕೊಳ್ಳಲಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ, ಅದು ಬೆಳಕು ಕೊಡುತ್ತದೆಯೇ ಹೊರತು ಬೇಕಾದಷ್ಟು ಶಾಖ ಕೊಡುವುದಿಲ್ಲ. ತಂತಿ ಬಲ್ಬು ಸಿಗದಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಪಕ್ಕದಲ್ಲಿಡಿ, ಆರಿದಂತೆ ಬದಲಿಸುತ್ತಿರಿ. ಬಲ್ಬು ಬಟ್ಟೆಗಾಗಲಿ ರಟ್ಟಿಗಾಗಲಿ ತಾಗದಂತೆ ನೋಡಿಕೊಳ್ಳಿ. ನಮ್ಮ ಮಲೆನಾಡಿನ ಕಡೆ ಮಳೆಗಾಲದಲ್ಲಿ ನೆನೆದ ಕೋಳಿಯನ್ನು ಒಣಬಟ್ಟೆಯಲ್ಲಿ ಒರೆಸಿ ಹೀಗೆ ಕೂರಿಸಿದರೆ, ಬೇರೆ ಯಾವ ಔಷಧಿಯೂ ಇಲ್ಲದೆ ಸಂಜೆಯೊಳಗೆ ಎದ್ದು ನಿಂತದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದರೆ ಮಾತ್ರ ಇದರ ತದ್ವಿರುದ್ಧ ಮಾಡಬೇಕು. ಅದು ಬಿಸಿಲಿನ ಹೊಡೆತ. ನೆರಳಿಗೆ ತಂದು, ಕಾಲುಗಳನ್ನು ಸಾಧಾರಣ ತಣ್ಣನೆಯ ನೀರಿನಲ್ಲಿ ಅದ್ದಿ, ಗಾಳಿಯಾಡಲು ಬಿಡಿ.

ಈಗ ನೀರು. ಕೋಳಿಯ ಬಾಯಿಯನ್ನು ಒಮ್ಮೆ ಬೆಳಕಿನಲ್ಲಿ ತೆರೆದು ನೋಡಿ. ಚೂಪಾದ ನಾಲಿಗೆ, ಅದರ ಹಿಂಬದಿಯಲ್ಲಿ ಗಂಟಲ ಕಡೆಗೆ ಬಾಗಿದ ಸಣ್ಣ ಮುಳ್ಳುಗಳ ಸಾಲು, ಅದರ ಹಿಂದೆಯೇ ಉಸಿರಿಗೆ ತಕ್ಕಂತೆ ತೆರೆದು ಮುಚ್ಚುವ ಒಂದು ಸೀಳು. ಆ ಸೀಳೇ ಶ್ವಾಸನಾಳದ ಬಾಯಿ. ತಲೆಯನ್ನು ಮೇಲಕ್ಕೆತ್ತಿ ಚಮಚದಲ್ಲಿ ನೀರು ಸುರಿದರೆ ಅದು ನೇರ ಆ ಸೀಳಿನೊಳಕ್ಕೆ ಇಳಿಯಬಹುದು, ಶ್ವಾಸಕೋಶಕ್ಕೆ ನೀರು ಹೋದ ಕೋಳಿ ಉಳಿಯುವುದು ಕಷ್ಟ. ಆದ್ದರಿಂದ ಸುರಿಯಬೇಡಿ. ಸೂಜಿ ತೆಗೆದ ಸಿರಿಂಜಿನಿಂದ ಕೊಕ್ಕಿನ ಬದಿಯಲ್ಲಿ, ಮೇಲ್ಕೊಕ್ಕು ಕೆಳಕೊಕ್ಕು ಕೂಡುವ ಗೆರೆಗೆ ಒಂದು ಹನಿ ತಾಗಿಸಿ. ಹನಿ ತಾನಾಗಿ ಒಳಗೆ ಸರಿಯುತ್ತದೆ, ಕೋಳಿ ಕೊಕ್ಕು ಆಡಿಸಿ ತಲೆ ಎತ್ತಿ ನುಂಗುತ್ತದೆ. ನುಂಗಿದ್ದನ್ನು ಕಂಡ ಮೇಲೆ ಮುಂದಿನ ಹನಿ. ಗೊರಗೊರ ಸದ್ದು ಬಂದರೆ, ಮೂಗಿನಿಂದ ನೀರು ಬಂದರೆ ತಕ್ಷಣ ನಿಲ್ಲಿಸಿ. ಹಿಡಿದುಕೊಳ್ಳುವಾಗ ರೆಕ್ಕೆ ಸೇರಿಸಿ ಟವೆಲ್ ಸುತ್ತಿ, ಆದರೆ ಎದೆಯನ್ನು ಬಿಗಿಯಬೇಡಿ. ಕೋಳಿಗೆ ನಮ್ಮ ಹಾಗೆ ಎದೆ ಹೊಟ್ಟೆಗಳ ನಡುವೆ ಉಸಿರೆಳೆಯುವ ಸ್ನಾಯುಪದರ, ಅಂದರೆ ವಪೆ, ಇಲ್ಲ, ಎದೆಗೂಡನ್ನು ಆಡಿಸಿಯೇ ಅದು ಉಸಿರಾಡುತ್ತದೆ. ಬಿಗಿಯಾಗಿ ಅಪ್ಪಿಕೊಂಡರೆ ಉಸಿರು ಕಟ್ಟುತ್ತದೆ.

ಬರೀ ನೀರಿಗಿಂತ ಔಷಧಿ ಅಂಗಡಿಯ ಓಆರ್‌ಎಸ್ ಪುಡಿಯನ್ನು ಪೊಟ್ಟಣದಲ್ಲಿ ಹೇಳಿದಷ್ಟು ನೀರಿಗೆ ಕಲಸಿಕೊಂಡರೆ ಒಳ್ಳೆಯದು. ಅದಿಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಉಗುರುಬೆಚ್ಚಗಿರಲಿ. ಒಂದೂವರೆ, ಎರಡು ಕಿಲೋ ತೂಕದ ಹೇಂಟೆಗೆ ಗಂಟೆಗೊಮ್ಮೆ ಐದರಿಂದ ಹತ್ತು ಮಿಲಿಲೀಟರ್ ಹೋದರೂ ಸಂಜೆಯ ಹೊತ್ತಿಗೆ ಸಾಕಷ್ಟು ಆಗುತ್ತದೆ. ರಾತ್ರಿ ಮಲಗಲು ಬಿಡಿ. ಎಬ್ಬಿಸಿ ಎಬ್ಬಿಸಿ ದಣಿಸುವುದರಿಂದ ಪ್ರಯೋಜನವಿಲ್ಲ.

ಕೋಳಿ ಬೆಚ್ಚಗಾಗುವ ಹೊತ್ತಿನಲ್ಲಿ ನೀವು ಅದನ್ನು ಸರಿಯಾಗಿ ತಡವಿ ನೋಡಿ. ಮದ್ದು ಯಾವುದೆಂದು ಕೇಳುವವರು ಈ ಐದು ನಿಮಿಷದ ಕೆಲಸವನ್ನು ಬಿಟ್ಟುಬಿಡುತ್ತಾರೆ, ನನಗೆ ಬೇಸರವಾಗುವುದು ಅದಕ್ಕೇ. ಮೊದಲು ಕಾಳಿನ ಚೀಲ. ಎದೆಯ ಮೇಲ್ಭಾಗದಲ್ಲಿ, ಕೋಳಿಯ ಬಲಕ್ಕೆ ಸಿಗುತ್ತದೆ. ರಾತ್ರಿ ಕಳೆದು ಬೆಳಿಗ್ಗೆ ಮುಟ್ಟಿದಾಗ ಅದು ಖಾಲಿಯಾಗಿರಬೇಕು. ಬೆಳಿಗ್ಗೆಯೂ ಗಟ್ಟಿ ಗಂಟಾಗಿದ್ದರೆ ನಾರು ಹುಲ್ಲೋ, ದಾರವೋ, ಪ್ಲಾಸ್ಟಿಕ್ಕೋ ಅಡ್ಡ ಸಿಕ್ಕಿರಬಹುದು. ಕೆಲವು ಹನಿ ಕೊಬ್ಬರಿ ಎಣ್ಣೆ, ಉಗುರುಬೆಚ್ಚಗಿನ ನೀರು ಕೊಟ್ಟು ಬೆರಳ ತುದಿಯಿಂದ ಮೃದುವಾಗಿ ನೀವುತ್ತ ಬನ್ನಿ. ನೀರು ತುಂಬಿದ ಬಲೂನಿನಂತೆ ಕುಲುಕುತ್ತ ಬಾಯಿಯಿಂದ ಹುಳಿ ವಾಸನೆ ಬಂದರೆ ಒಳಗಿನ ಆಹಾರ ಹುಳಿತುಹೋಗಿದೆ ಎಂದರ್ಥ, ಪಶುವೈದ್ಯರಿಗೆ ತೋರಿಸಿ. ಕೋಳಿಯನ್ನು ತಲೆಕೆಳಗೆ ಹಿಡಿದು ಹಿಂಡಿ ವಾಂತಿ ಮಾಡಿಸುವ ಪದ್ಧತಿ ಕೆಲವೆಡೆ ಇದೆ. ದಯವಿಟ್ಟು ಅದನ್ನು ಮಾಡಬೇಡಿ, ಮೇಲೆ ಬಂದದ್ದು ಉಸಿರ ಸೀಳಿಗೆ ಹೋಗುತ್ತದೆ.

ಬಾಯಿಯೊಳಗೆ ಹಳದಿ ಗಿಣ್ಣಿನಂಥ ಪದರ ಕಟ್ಟಿದೆಯೇ? ಹಾಗಿದ್ದರೆ ಅದಕ್ಕೆ ಹಸಿವಿದೆ, ನುಂಗಲಾಗುತ್ತಿಲ್ಲ. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಹುರುಕಿನಂಥ ಗುಳ್ಳೆಗಳೂ ಇದ್ದರೆ ಸಿಡುಬು ಇರಬಹುದು. ಆ ಪದರವನ್ನು ಕಿತ್ತು ತೆಗೆಯಬೇಡಿ, ರಕ್ತ ಬರುತ್ತದೆ. ಎದೆಮೂಳೆ ಚಾಕುವಿನ ಅಲಗಿನಂತೆ ಕೈಗೆ ಹತ್ತಿದರೆ ಕಾಯಿಲೆ ಎರಡು ದಿನದ್ದಲ್ಲ, ಬಹಳ ಹಿಂದೆಯೇ ಶುರುವಾಗಿದೆ. ಕೋಳಿ ನೋವನ್ನು ಮುಚ್ಚಿಟ್ಟುಕೊಳ್ಳುವ ಜೀವ, ಸೊರಗಿದ್ದು ತೋರಿದರೆ ಉಳಿದವು ಕುಕ್ಕುತ್ತವೆ. ಜಂತುಹುಳು ಇರುವ ಸಾಧ್ಯತೆ ಹೆಚ್ಚು, ಆದರೆ ಹುಳುವಿನ ಔಷಧಿಯನ್ನು ಅದು ಚೇತರಿಸಿಕೊಂಡ ಮೇಲೆಯೇ ಕೊಡಬೇಕು. ರೆಕ್ಕೆಯಡಿಯಲ್ಲಿ, ಬಾಲದ ಬುಡದಲ್ಲಿ ಹೇನಿದೆಯೇ ನೋಡಿ. ಬಾಲ ಇಳಿಬಿಟ್ಟು ನೆಟ್ಟಗೆ ನಿಂತು ತಿಣುಕುತ್ತಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಂತೆ ಕಾಲು ಗಂಟೆ ಕೂರಿಸಿ, ಒರೆಸಿ, ಕತ್ತಲ ಮೂಲೆಯಲ್ಲಿ ಬಿಡಿ. ಪಶು ಔಷಧಿ ಅಂಗಡಿಯ ದ್ರವ ಕ್ಯಾಲ್ಸಿಯಂ ನೆರವಾಗುತ್ತದೆ. ಒಳಗಿನ ಮೊಟ್ಟೆಯನ್ನು ಒತ್ತಿ ಒಡೆಯಲು ಹೋಗಬೇಡಿ.

ಒಂದು ವೇಳೆ ಅದು ಗೂಡು ಬಿಡದೆ ಕೂತಿದ್ದು, ಹತ್ತಿರ ಹೋದರೆ ಗರಿ ನಿಮಿರಿಸಿ ಗುರ್ ಎನ್ನುತ್ತಿದ್ದರೆ, ಕಣ್ಣು ಚುರುಕಾಗಿದ್ದರೆ, ಅದು ಕಾವಿಗೆ ಕೂತ ಕೋಳಿ. ದಿನಕ್ಕೊಮ್ಮೆ ಎದ್ದು ತಿಂದು ಬರುತ್ತದೆ. ಔಷಧಿ ಬೇಡ. ನೀವು ಬರೆದ ಲಕ್ಷಣ ಹಾಗೆ ಕಾಣುವುದಿಲ್ಲವಾದರೂ ಹೇಳಿದ್ದೇನೆ.

ಬಿಳಿ ಬಟ್ಟೆಯ ಮೇಲಿನ ಹಿಕ್ಕೆ ನೋಡಿ. ಕಂದು ಹಿಕ್ಕೆಯ ಮೇಲೆ ಬಿಳಿ ಟೋಪಿಯಿದ್ದರೆ ಸಹಜ. ಆಗಾಗ ಬರುವ ಅಂಟಂಟಾದ, ಕಾಫಿ ಬಣ್ಣದ, ನಾತದ ಹಿಕ್ಕೆಯೂ ಸಹಜವೇ. ರಕ್ತ ಕಂಡರೆ, ಅದರಲ್ಲೂ ಎಳೆಯ ಕೋಳಿಗಳಲ್ಲಿ ಕಂಡರೆ, ರಕ್ತಭೇದಿ. ಅದಕ್ಕೆ ಆಂಪ್ರೋಲಿಯಂ ಎಂಬ ಔಷಧಿಯಿದೆ, ಪ್ರಮಾಣವನ್ನು ಪಶುವೈದ್ಯರಲ್ಲಿ ಕೇಳಿ. ಹಸಿರು ಹಿಕ್ಕೆ ಕಂಡ ಕೂಡಲೇ ಎಲ್ಲರೂ ಕೊಕ್ಕರೆ ರೋಗ ಎಂದುಬಿಡುತ್ತಾರೆ. ಖಾಲಿ ಹೊಟ್ಟೆಯ ಕೋಳಿಯೂ ಪಿತ್ತ ಬೆರೆತು ಹಸಿರಾಗಿಯೇ ಹಾಕುತ್ತದೆ, ಅದೊಂದನ್ನೇ ನೋಡಿ ಕೈಚೆಲ್ಲಬೇಡಿ. ಹಸಿರು ಭೇದಿಯ ಜೊತೆಗೆ ಬಾಯಿ ತೆರೆದು ಉಸಿರಾಡುವುದು, ಕುತ್ತಿಗೆ ತಿರುಚಿಕೊಳ್ಳುವುದು, ಕಾಲು ರೆಕ್ಕೆ ಸೋಲುವುದು, ಇವೂ ಸೇರಿದರೆ ಮಾತ್ರ ಕೊಕ್ಕರೆ ರೋಗದ, ಅಂದರೆ ರಾಣಿಖೇತ್‌ನ ಅನುಮಾನ ಬಲವಾಗುತ್ತದೆ. ಅದು ವೈರಸ್, ಮದ್ದಿಲ್ಲ. ಮನೆಯಲ್ಲಿ ಉಳಿದ ಮನುಷ್ಯರ ಕ್ಯಾಪ್ಸೂಲ್ ಬಿಚ್ಚಿ ಕುಡಿಸುವುದರಿಂದ ವೈರಸ್ ಸಾಯುವುದಿಲ್ಲ, ಮೊಟ್ಟೆಯಲ್ಲಿ ಔಷಧಿಯ ಅಂಶ ಸೇರುತ್ತದೆ ಅಷ್ಟೆ. ಕುತ್ತಿಗೆ ತಿರುಚಿಕೊಂಡರೂ ಕೈತುತ್ತು ತಿಂದು ಬದುಕುಳಿದ ಕೋಳಿಗಳನ್ನು ನೋಡಿದ್ದೇನೆ, ಆದರೆ ಅಂಥವು ಕಡಿಮೆ.

ಹಲವು ಕೋಳಿಗಳು ಒಟ್ಟೊಟ್ಟಿಗೆ ಸತ್ತರೆ, ತಲೆ ಊದಿ ಜುಟ್ಟು ನೀಲಿಯಾದರೆ, ಬರಿಗೈಯಲ್ಲಿ ಮುಟ್ಟದೆ ಹತ್ತಿರದ ಪಶು ಆಸ್ಪತ್ರೆಗೆ ಆ ಕೂಡಲೇ ತಿಳಿಸಿ. ಹಕ್ಕಿಜ್ವರ ಆಗಿರಬಹುದು. ಸರ್ಕಾರದ ಸಂಚಾರಿ ಪಶುಚಿಕಿತ್ಸಾ ಸೇವೆಯಾದ ಪಶು ಸಂಜೀವಿನಿಯ ಸಹಾಯವಾಣಿ 1962ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು. ಒಂದೇ ಕೋಳಿ ಮಂಕಾದರೂ ಅದನ್ನು ಬೇರೆ ಇಡಿ, ಗಟ್ಟಿಯಿರುವ ಕೋಳಿಗಳ ಕೆಲಸ ಮುಗಿಸಿ ಕೊನೆಗೆ ಇದರ ಆರೈಕೆ ಮಾಡಿ, ಸೋಪಿನಲ್ಲಿ ಕೈ ತೊಳೆಯಿರಿ. ಸಾಯುವ ಮೊದಲು ಕೊಯ್ದು ಸಾರು ಮಾಡಿ ಎಂದು ಹೇಳುವವರು ಇದ್ದೇ ಇರುತ್ತಾರೆ. ಏನು ರೋಗವೆಂದು ತಿಳಿಯದ ಕೋಳಿಯನ್ನು ಕೊಯ್ದರೆ ರಕ್ತ, ಗರಿ, ಕರುಳಿನಿಂದ ಅಂಗಳಕ್ಕೆಲ್ಲ ರೋಗ ಹರಡುತ್ತದೆ, ಕೊಯ್ದವರಿಗೂ ಅಪಾಯ. ಸತ್ತರೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ, ತಿಪ್ಪೆಗೋ ಹಳ್ಳಕ್ಕೋ ಎಸೆಯಬೇಡಿ.

ನೀರು ನುಂಗಿ, ಹಿಕ್ಕೆ ಹಾಕಿ, ಕಾಳಿನ ಚೀಲ ಖಾಲಿಯಿದ್ದರೆ ಆಹಾರ ಶುರುಮಾಡಿ. ತೆಳ್ಳಗಿನ ರಾಗಿ ಗಂಜಿ, ಬೇಯಿಸಿದ ಮೊಟ್ಟೆಯ ಹಳದಿಯನ್ನು ನೀರಿನಲ್ಲಿ ಕದಡಿದ್ದು, ಆಮೇಲೆ ನೆನೆಸಿದ ಅಕ್ಕಿನುಚ್ಚು. ಹಾಲು ಬೇಡ, ಕೋಳಿಗೆ ಅದು ಜೀರ್ಣವಾಗುವುದಿಲ್ಲ. ಬಾಯಿಗೆ ಹಾಕುವುದಕ್ಕಿಂತ ಅದೇ ಕುಕ್ಕುವಂತೆ ಮಾಡುವುದು ಮುಖ್ಯ. ಗೆದ್ದಲು ಹಿಡಿದ ಒಣ ಸೌದೆಯೊಂದನ್ನು ತಂದು ಅದರ ಮುಂದೆ ಒಮ್ಮೆ ಕುಟ್ಟಿ. ಅನ್ನ, ಕಾಳು ಯಾವುದನ್ನೂ ನೋಡದ ಕೋಳಿ ಬಿಳಿ ಹುಳುಗಳು ಅತ್ತಿತ್ತ ಓಡುವುದನ್ನು ಕಂಡರೆ ಕುತ್ತಿಗೆ ಉದ್ದ ಮಾಡಿ, ತಲೆ ವಾಲಿಸಿ, ಒಂದು ಕಣ್ಣಲ್ಲಿ ದಿಟ್ಟಿಸಿ, ಟಕ್ಕನೆ ಕುಕ್ಕುತ್ತದೆ. ಆ ಮೊದಲ ಕುಕ್ಕು ಕಂಡರೆ ನನಗೆ ಅರ್ಧ ಗೆದ್ದಷ್ಟು ಸಂತೋಷ. ಗುಣವಾದರೂ ಕೂಡಲೇ ಗುಂಪಿಗೆ ಬಿಡಬೇಡಿ. ಪರಸ್ಪರ ಕಾಣುವಂತೆ ಕೆಲವು ದಿನ ಪಂಜರದಲ್ಲಿಟ್ಟು, ಸಂಜೆ ಗೂಡಿಗೆ ಸೇರುವ ಹೊತ್ತಿನಲ್ಲಿ ಬಿಡಿ, ಕುಕ್ಕಾಟ ಕಡಿಮೆಯಿರುತ್ತದೆ.

ಉಳಿದ ಕೋಳಿಗಳಿಗೆ ಲಸಿಕೆ ಆಗಿದೆಯೇ ಎಂದು ನೀವು ಬರೆದಿಲ್ಲ. ರಾಣಿಖೇತ್‌ಗೆ ಮರಿಯಾದ ಐದರಿಂದ ಏಳನೆಯ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ, ಆರರಿಂದ ಎಂಟು ವಾರಕ್ಕೆ ಆರ್2ಬಿ ಎಂಬ ಲಸಿಕೆಯ ಚುಚ್ಚುಮದ್ದು. ಒಂದು ಸೀಸೆಯಲ್ಲಿ ಹತ್ತಾರು ಕೋಳಿಗಳಿಗೆ ಆಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಬೇಗ ಮುಗಿಸಬೇಕು. ಆದ್ದರಿಂದ ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಂಡು, ಮಂಜುಗಡ್ಡೆಯಲ್ಲಿಟ್ಟು ತನ್ನಿ. ಮಂಕಾದ ಕೋಳಿಗೆ ಹಾಕಿಸಬೇಡಿ, ಗಟ್ಟಿಯಿರುವವಕ್ಕೆ ಮಾತ್ರ.

ನಾಳೆ ಬೆಳಿಗ್ಗೆ ಕಾಳಿನ ಚೀಲ ಹೇಗಿದೆ, ಹಿಕ್ಕೆಯ ಬಣ್ಣ ಏನು, ಬಾಯಿಯೊಳಗೆ ಏನಾದರೂ ಕಂಡಿತೇ, ಕೋಳಿಯ ವಯಸ್ಸೆಷ್ಟು, ಇತ್ತೀಚೆಗೆ ಮೊಟ್ಟೆ ಇಟ್ಟಿತ್ತೇ ಎಂದು ಇಲ್ಲೇ ಬರೆಯಿರಿ. ಮುಂದೇನು ಮಾಡಬೇಕೆಂದು ಅದನ್ನು ನೋಡಿ ಹೇಳುತ್ತೇನೆ. ಆದರೆ ಉಸಿರಾಟದಲ್ಲಿ ಕಷ್ಟ ಕಂಡರೆ ನನ್ನ ಉತ್ತರಕ್ಕೆ ಕಾಯದೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.